ಸಂಬಳದ ಮಾತು ಎತ್ತುವುದು ಹೇಗೆ: ಮೊದಲು ಪೇಸ್ಲಿಪ್, ಆಮೇಲೆ ಸಹೋದ್ಯೋಗಿ, ಕೊನೆಗೆ ಮ್ಯಾನೇಜರ್

"ನಿನಗೆಷ್ಟು ಬರುತ್ತೆ?" ಅಂತ ಒಬ್ಬರು ಕೇಳುತ್ತಾರೆ. ಎದುರಿನವರು ನಕ್ಕು ಮಾತು ಮರೆಸುತ್ತಾರೆ. ಅಲ್ಲಿಗೆ ಮುಗಿಯಿತು. ಇನ್ನೊಂದು ಬಗೆಯೂ ಇದೆ. ಹೇಗೋ ಒಬ್ಬರ ಸಂಬಳ ಕಿವಿಗೆ ಬೀಳುತ್ತದೆ, ಮೈ ಉರಿಯುತ್ತದೆ, ಅವತ್ತೇ ಮ್ಯಾನೇಜರ್ ಮುಂದೆ ನಿಂತು "ಅವರಿಗೆ ಅಷ್ಟು, ನನಗ್ಯಾಕೆ ಇಷ್ಟೇ?" ಅಂತ ಕೇಳಿಬಿಡುತ್ತಾರೆ. ಸಂಬಳವೂ ಏರುವುದಿಲ್ಲ, ಒಬ್ಬ ಸ್ನೇಹಿತನೂ ಕೈಬಿಡುತ್ತಾನೆ.

ಈ ಎರಡನೇ ತಪ್ಪನ್ನು ನಾನೇ ಮಾಡಿದ್ದೇನೆ, ಆ ಕಥೆ ಆರನೇ ಹಂತದಲ್ಲಿ ಬರುತ್ತದೆ. ಧೈರ್ಯ ಸಾಲದೆ ಕೆಡುವವರಿಗಿಂತ ಕ್ರಮ ತಪ್ಪಿ ಕೆಡುವವರೇ ಜಾಸ್ತಿ. ಹಾಗಾಗಿ ಕೆಳಗಿನ ಹಂತಗಳನ್ನು ದಯವಿಟ್ಟು ಹಿಂದೆ ಮುಂದೆ ಮಾಡಬೇಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಕಳೆದ 12 ತಿಂಗಳ ಪೇಸ್ಲಿಪ್, ಕೆಲಸಕ್ಕೆ ಸೇರಿದಾಗ ಕೊಟ್ಟ ಪತ್ರ, ಪ್ರತಿ ಸಲ ಸಂಬಳ ಏರಿಸಿದಾಗ ಕೊಟ್ಟ ಪತ್ರ, ಕಂಪನಿಯ ನಿಯಮಗಳ ಪುಸ್ತಕ. ಇವುಗಳ ಜೊತೆಗೆ ಒಂದು ನೋಟ್‌ಬುಕ್ ಅಥವಾ ನಿಮ್ಮದೇ ಫೋನಿನಲ್ಲಿ ಒಂದು ಎಕ್ಸೆಲ್ ಹಾಳೆ.

"ನಿಮ್ಮದೇ" ಅನ್ನುವ ಪದ ಗಮನಿಸಿ. ಕಂಪನಿಯ ಲ್ಯಾಪ್‌ಟಾಪ್, ಕಂಪನಿಯ ಮೇಲ್, ಕಂಪನಿಯ ಚಾಟ್ ಇದಕ್ಕೆ ಬೇಡವೇ ಬೇಡ. ಅಲ್ಲಿ ಬರೆದದ್ದನ್ನು ಕಂಪನಿ ಓದಬಹುದು. ನೀವು ಅಳಿಸಿದರೂ ಅವರ ಹತ್ತಿರ ಪ್ರತಿ ಉಳಿದಿರಬಹುದು.

## ಹಂತ 1: ನಿಮ್ಮ ಸಂಬಳ ನಿಮಗೇ ಗೊತ್ತಿರಲಿ

ಇದನ್ನು ಓದಿ ನಗಬೇಡಿ. ಸಂಬಳ ಎಷ್ಟು ಅಂತ ಕೇಳಿದರೆ ಒಬ್ಬರು ಕೈಗೆ ಬರುವ ಮೊತ್ತ ಹೇಳುತ್ತಾರೆ. ಇನ್ನೊಬ್ಬರು ಕಡಿತಕ್ಕೆ ಮುಂಚಿನದು ಹೇಳುತ್ತಾರೆ. ಮೂರನೆಯವರು ಬೋನಸ್, ವಿಮೆ ಎಲ್ಲ ಸೇರಿಸಿ ಸೇರುವಾಗ ಹೇಳಿದ ವರ್ಷದ ದೊಡ್ಡ ಮೊತ್ತ ಹೇಳುತ್ತಾರೆ. ಮೂವರ ಸಂಬಳವೂ ಒಂದೇ ಇದ್ದರೂ ಮೂರು ಬೇರೆ ಬೇರೆ ಸಂಖ್ಯೆ ಹೊರಗೆ ಬರುತ್ತದೆ. ಅರ್ಧಕ್ಕರ್ಧ ಹೊಟ್ಟೆಕಿಚ್ಚು ಹುಟ್ಟುವುದು ಇಲ್ಲೇ.

ಪೇಸ್ಲಿಪ್ ಎದುರಿಗಿಟ್ಟುಕೊಂಡು ನಾಲ್ಕು ಸಾಲು ಬರೆಯಿರಿ. ಮೊದಲ ಸಾಲಿಗೆ ಪ್ರತಿ ತಿಂಗಳೂ ಖಚಿತವಾಗಿ ಬರುವುದು, ಕಡಿತಕ್ಕೆ ಮುಂಚೆ. ಎರಡನೆಯದಕ್ಕೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಅನ್ನುವಂಥದ್ದು: ಬೋನಸ್, ಕಮಿಷನ್, ಓವರ್‌ಟೈಮ್. ಇಲ್ಲಿ ಪತ್ರದಲ್ಲಿ ಬರೆದದ್ದು ಬೇಡ, ಕಳೆದ ವರ್ಷ ನಿಜವಾಗಿ ಎಷ್ಟು ಬಂತೋ ಅಷ್ಟೇ ಬರೆಯಿರಿ. ಮೂರನೆಯ ಸಾಲು ನಿಮ್ಮ ಹೆಸರಿನಲ್ಲಿ ಕಂಪನಿ ಕಟ್ಟುವುದು, ಅಂದರೆ ನಿವೃತ್ತಿ ನಿಧಿ, ವಿಮೆ. ನಾಲ್ಕನೆಯದು ಒಂದೇ ಸಲ ಕೊಟ್ಟದ್ದು: ಸೇರುವಾಗಿನ ಬೋನಸ್, ಊರು ಬದಲಿಸಿದ ಖರ್ಚು. ಹೋಲಿಕೆ ಮಾಡುವಾಗ ಈ ನಾಲ್ಕನೆಯ ಸಾಲನ್ನು ಪೂರ್ತಿ ಬಿಟ್ಟುಬಿಡಿ.

ಆಮೇಲೆ ಗಂಟೆಯ ಲೆಕ್ಕ ಮಾಡಿ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ನಿಮಗೆ ವಾರಕ್ಕೆ 40 ಗಂಟೆ ಕೆಲಸಕ್ಕೆ 100 ಬರುತ್ತದೆ, ಪಕ್ಕದವರಿಗೆ 50 ಗಂಟೆಗೆ 115 ಬರುತ್ತದೆ ಅಂದುಕೊಳ್ಳಿ. ಗಂಟೆಗೆ ನಿಮಗೆ 2.50, ಅವರಿಗೆ 2.30. ಯಾರಿಗೆ ಜಾಸ್ತಿ ಸಿಕ್ಕಿತು, ಹೇಳಿ?

## ಹಂತ 2: ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ, ನೋಡಿ

ಸೇರುವ ದಿನ ಓದದೆ ಸಹಿ ಹಾಕಿದ ಪತ್ರವನ್ನು ಈಗ ಓದಿ. "ಗೌಪ್ಯ", "ಸಂಭಾವನೆ", "ವೇತನ" ಅನ್ನುವ ಪದಗಳು ಎಲ್ಲಿ ಬರುತ್ತವೆ ಅಂತ ಹುಡುಕಿ. ಸಂಬಳವನ್ನು ಯಾರಿಗೂ ಹೇಳಬಾರದು ಅನ್ನುವ ಸಾಲು ಅಲ್ಲಿರಬಹುದು. ಆ ಸಾಲಿಗೆ ಎಷ್ಟು ಬಲ ಇದೆ ಅನ್ನುವುದು ನೀವು ಯಾವ ದೇಶದಲ್ಲಿ ಕೆಲಸ ಮಾಡುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಅಮೆರಿಕದಲ್ಲಿ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆ ಖಾಸಗಿ ವಲಯದ ಹೆಚ್ಚಿನ ನೌಕರರಿಗೆ ತಮ್ಮತಮ್ಮಲ್ಲಿ ಸಂಬಳದ ಬಗ್ಗೆ ಮಾತಾಡುವ ಹಕ್ಕು ಕೊಟ್ಟಿದೆ. ಆದರೆ ಮೇಲ್ವಿಚಾರಕರು, ಸರ್ಕಾರಿ ನೌಕರರು, ಹೊಲದಲ್ಲಿ ದುಡಿಯುವವರು ಅದರ ಹೊರಗೆ ಉಳಿಯುತ್ತಾರೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯ ರಕ್ಷಣೆ ಇನ್ನೂ ಕಿರಿದು. ಹೆಣ್ಣು ಗಂಡು, ಜನಾಂಗ ಇಂಥ ಕಾರಣಕ್ಕೆ ಸಂಬಳದಲ್ಲಿ ಭೇದ ಆಗಿದೆಯಾ ಅಂತ ತಿಳಿಯಲು ಮಾತಾಡಿದರೆ ಗುಟ್ಟಿನ ಷರತ್ತು ನಡೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2022ರ ಡಿಸೆಂಬರ್ 7ರಿಂದ ಹೇಳುವ ಹಕ್ಕೂ ಇದೆ, ಹೇಳದೆ ಇರುವ ಹಕ್ಕೂ ಇದೆ. ಹೊಸ ಒಪ್ಪಂದಗಳಲ್ಲಿ ಅಂಥ ಷರತ್ತು ಹಾಕುವಂತಿಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಸಂಬಳ ಪಾರದರ್ಶಕತೆಯ ನಿರ್ದೇಶನ ತಂದಿತು. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ಸೇರಿಸಲು 2026ರ ಜೂನ್ 7ರ ಗಡುವು ಇಟ್ಟಿತು.

ಭಾರತದಲ್ಲಿ ಹೆಣ್ಣು ಗಂಡು ಅಂತ ಸಂಬಳದಲ್ಲಿ ಭೇದ ಮಾಡುವುದನ್ನು ಮೊದಲು 1976ರ ಸಮಾನ ಸಂಭಾವನೆ ಕಾಯ್ದೆ ತಡೆಯುತ್ತಿತ್ತು. ಈಗ ಆ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಆದರೆ ಸಂಬಳದ ಬಗ್ಗೆ ಮಾತಾಡಿದ ನೌಕರರನ್ನು ಕಾಪಾಡಲೆಂದೇ ಇರುವ ನಿಯಮ ಅದರಲ್ಲಿಲ್ಲ. ಹಾಗಾಗಿ ಇಲ್ಲಿ ಪತ್ರದಲ್ಲಿ ಏನು ಬರೆದಿದೆ ಅನ್ನುವುದಕ್ಕೆ ತೂಕ ಜಾಸ್ತಿ. ಗುಟ್ಟಿನ ಷರತ್ತು ಇದ್ದರೆ ಮಾತು ಶುರು ಮಾಡುವ ಮೊದಲೇ ನೌಕರರ ಸಂಘದವರನ್ನೋ ಕಾರ್ಮಿಕ ವಕೀಲರನ್ನೋ ಒಮ್ಮೆ ಕೇಳಿ.

ಎಲ್ಲ ದೇಶಕ್ಕೂ ಸಲ್ಲುವ ಒಂದು ಎಚ್ಚರಿಕೆ ಇದೆ. ನಿಮ್ಮ ಸಂಬಳ ನೀವು ಹೇಳುವುದು ಬೇರೆ, ಕೆಲಸದ ಕಾರಣಕ್ಕೆ ಕಣ್ಣಿಗೆ ಬಿದ್ದ ಇತರರ ಸಂಬಳ ಹೇಳುವುದು ಬೇರೆ. ನೀವು ಎಚ್‌ಆರ್, ಲೆಕ್ಕಪತ್ರ, ಪೇರೋಲ್ ವಿಭಾಗದಲ್ಲಿದ್ದರೆ ಕಡತದಲ್ಲಿ ಕಂಡದ್ದನ್ನು ಬಾಯಿಬಿಡಬೇಡಿ. ಅದು ಕೆಲಸಕ್ಕೇ ಕುತ್ತು.

## ಹಂತ 3: ಯಾರ ಹತ್ತಿರ ಮಾತಾಡಬೇಕು

ಮೊದಲು ಕೆಲಸ ಬಿಟ್ಟು ಹೋದವರನ್ನು ಹಿಡಿಯಿರಿ. ನಿಮ್ಮದೇ ಕೆಲಸ ಮಾಡಿ ಒಂದೆರಡು ವರ್ಷದ ಹಿಂದೆ ಹೊರಟವರಿಗೆ ಹೆದರಿಕೆ ಕಮ್ಮಿ. ಬಹಳ ಸಲ ಅವರು ಕೇಳದೆಯೇ ಹೇಳುತ್ತಾರೆ, ಜೊತೆಗೆ ನಾಲ್ಕು ಬೈಗುಳವನ್ನೂ ಸೇರಿಸುತ್ತಾರೆ. ಆಮೇಲೆ ಬೇರೆ ಕಂಪನಿಯಲ್ಲಿ ಇದೇ ಕೆಲಸ ಮಾಡುವ ಪರಿಚಯದವರು. ನಿಮ್ಮ ಸಾಲಿನಲ್ಲೇ ಕೂರುವ ಸಹೋದ್ಯೋಗಿಗಳು ಕೊನೆಗೆ.

ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು ಕೇಳಬೇಡಿ, ಅವರಿಗೆ ಇಲ್ಲ ಅನ್ನಲು ಆಗುವುದಿಲ್ಲ. ಸಾಲದಲ್ಲಿ ಸಿಕ್ಕಿಕೊಂಡವರು, ಈಗಷ್ಟೇ ಬಡ್ತಿ ತಪ್ಪಿದವರು ಇವರನ್ನೂ ಆ ಹೊತ್ತಿಗೆ ಬಿಟ್ಟುಬಿಡಿ. ಎಲ್ಲ ಮಾತನ್ನೂ ಮೇಲಿನವರ ಕಿವಿಗೆ ಹಾಕುವ ಆಸಾಮಿ ಯಾರು ಅಂತ ನಿಮಗೆ ಗೊತ್ತೇ ಇರುತ್ತದೆ, ನಾನು ಹೇಳಬೇಕಿಲ್ಲ.

ಒಬ್ಬರ ಸಂಖ್ಯೆ ಹಿಡಿದುಕೊಂಡು ಏನನ್ನೂ ತೀರ್ಮಾನಿಸಬೇಡಿ. ಕಡಿಮೆ ಅಂದರೂ ನಾಲ್ಕೈದು ಜನರದ್ದು ಬೇಕು. ಇಬ್ಬರ ನಡುವಿನ ವ್ಯತ್ಯಾಸಕ್ಕೆ ನೂರು ಕಾರಣ ಇರಬಹುದು, ಐವರ ನಡುವೆ ಒಂದೇ ಬಗೆಯ ವ್ಯತ್ಯಾಸ ಕಂಡರೆ ಮಾತ್ರ ಅಲ್ಲೇನೋ ಇದೆ ಅಂತ ಲೆಕ್ಕ.

## ಹಂತ 4: ಮೊದಲು ಕೊಡಿ, ಆಮೇಲೆ ಕೇಳಿ

ಹೆಚ್ಚಿನವರು ಎಡವುವುದು ಇಲ್ಲಿ. "ನಿನಗೆಷ್ಟು?" ಅನ್ನುವ ಪ್ರಶ್ನೆ ಎದುರಿನವರ ಜೇಬಿಗೆ ಕೈ ಹಾಕಿದ ಹಾಗೆ ಕೇಳಿಸುತ್ತದೆ. ಮೊದಲು ನಿಮ್ಮ ಸಂಬಳ ಹೇಳಿಬಿಟ್ಟರೆ ಅಪಾಯ ನಿಮ್ಮ ತಲೆಯ ಮೇಲೆ ಬಂದಿರುತ್ತದೆ, ಅವರಿಗೆ ಉಸಿರಾಡಲು ಜಾಗ ಸಿಗುತ್ತದೆ.

ಸಮವಯಸ್ಕರ ಜೊತೆಗಾದರೆ ಹೀಗೆ:

"ಅಪ್ರೈಸಲ್‌ಗೆ ರೆಡಿ ಆಗ್ತಾ ಇದೀನಿ ಕಣೋ. ನನಗೆ ಬೋನಸ್ ಬಿಟ್ಟು ತಿಂಗಳಿಗೆ ಇಷ್ಟು, ಕಡಿತಕ್ಕೆ ಮುಂಚೆ. ಸೇರಿ ಮೂರು ವರ್ಷ ಆಯ್ತು. ಇದು ಸರಿ ಇದೆಯಾ ಅಂತ ನೋಡ್ಬೇಕಿತ್ತು. ಹೇಳೋಕೆ ಇಷ್ಟ ಇದ್ರೆ ಹೇಳು, ಇಲ್ಲಾಂದ್ರೆ ಖಂಡಿತ ಬೇಜಾರಿಲ್ಲ."

ಹಿರಿಯರ ಹತ್ತಿರ ಅವರ ಸಂಬಳ ಕೇಳಲೇಬೇಡಿ. ನಿಮ್ಮದನ್ನು ಮುಂದಿಟ್ಟು ಸಲಹೆ ಕೇಳಿ:

"ಮೇಡಂ, ನನಗೀಗ ಇಷ್ಟು ಬರ್ತಿದೆ. ಈ ಕೆಲಸಕ್ಕೆ, ಇಷ್ಟು ಅನುಭವಕ್ಕೆ ಇದು ಕಮ್ಮಿ ಅನ್ಸುತ್ತಾ ನಿಮಗೆ? ನನ್ನ ಜಾಗದಲ್ಲಿ ನೀವಿದ್ದಿದ್ರೆ ಎಷ್ಟು ಕೇಳ್ತಿದ್ರಿ?"

ನಿಖರ ಸಂಖ್ಯೆ ಹೇಳಲು ಮುಜುಗರ ಪಡುವವರಿಗೆ ಸುಲಭದ ದಾರಿ ಕೊಡಿ. "ನನಗಿಂತ ಜಾಸ್ತೀನಾ, ಕಮ್ಮೀನಾ, ಹೆಚ್ಚುಕಮ್ಮಿ ಅಷ್ಟೇನಾ?" ಅಂತ ಕೇಳಿದರೆ ಸಾಕು. ತಲೆ ಆಡಿಸಿದರೂ ಉತ್ತರ ಸಿಕ್ಕಂತೆ. ಅವರು ಮಾತು ಬದಲಿಸಿದರೆ ನೀವೂ ಬದಲಿಸಿ, ಎರಡನೇ ಸಲ ಕೇಳಬೇಡಿ. ಹದಿನೈದು ದಿನ ಬಿಟ್ಟು ಅವರೇ ಬಂದು ಹೇಳುವುದೂ ಉಂಟು.

ಮೊದಲು ಕೊಡುವುದಕ್ಕೆ ಯಾಕಿಷ್ಟು ಒತ್ತು ಅಂದರೆ, ನಾರ್ವೆಯ ಕಥೆ ನೋಡಿ. ಅಲ್ಲಿ ಜನರ ಆದಾಯ ತೆರಿಗೆಯ ವಿವರ ಬಹಿರಂಗ. ಯಾರು ಬೇಕಾದರೂ ಇನ್ನೊಬ್ಬರದ್ದನ್ನು ಹುಡುಕಬಹುದಿತ್ತು, ಜನ ಹುಡುಕುತ್ತಲೂ ಇದ್ದರು. 2014ರಿಂದ, ಯಾರು ಹುಡುಕಿದರು ಅನ್ನುವುದು ಹುಡುಕಿಸಿಕೊಂಡವರಿಗೂ ಕಾಣುವಂತೆ ಮಾಡಿದರು. ಹುಡುಕಾಟ ತಟ್ಟನೆ ಇಳಿಯಿತು. ಸುಮ್ನೆ ಇಣುಕುವ ಆಸೆ ಎಲ್ಲರಿಗೂ ಇದೆ, ತಾನು ಕಾಣಿಸಿಕೊಳ್ಳಬೇಕು ಅಂದಾಗ ಮುಕ್ಕಾಲು ಜನ ಹಿಂದೆ ಸರಿಯುತ್ತಾರೆ. ನೀವು ಕಾಣಿಸಿಕೊಂಡೇ ಕೇಳಿದರೆ ಎದುರಿನವರಿಗೆ ನಂಬಿಕೆ ಬರುತ್ತದೆ.

ಜಾಗ ಮುಖ್ಯ. ಕೆಲಸದ ಮೇಜಿನ ಬಳಿ ಬೇಡ, ಹೊರಗೆ ನಡೆಯುತ್ತಾ ಮಾತಾಡಿ. ಫೋನಿನಲ್ಲಾದರೆ ಬಾಯಲ್ಲಿ ಹೇಳಿ, ಮೆಸೇಜಿನಲ್ಲಿ ಬೇಡ. ಮೆಸೇಜಿನ ಸ್ಕ್ರೀನ್‌ಶಾಟ್ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು. ಕೊನೆಯಲ್ಲಿ ಈ ಪ್ರಶ್ನೆ ಮರೆಯಬೇಡಿ: "ಇದನ್ನ ನಾನು ಬೇರೆಯವರಿಗೆ ಹೇಳಬಹುದಾ? ಹೆಸರಿಲ್ಲದೆ ಹೇಳಬಹುದಾ?" ಅವರು ಬೇಡ ಅಂದರೆ ಬೇಡ.

## ಹಂತ 5: ಹೋಲಿಸಿ, ಆಮೇಲೆ ಎರಡು ದಿನ ಸುಮ್ಮನಿರಿ

ಸಿಕ್ಕಿದ ಸಂಖ್ಯೆಗಳನ್ನು ಹಂತ 1ರ ನಾಲ್ಕು ಸಾಲಿಗೆ ಹೊಂದಿಸಿ. ಪ್ರತಿಯೊಬ್ಬರ ಮುಂದೆ ಸೇರಿದ ವರ್ಷ, ಒಟ್ಟು ಅನುಭವ, ಪಾಳಿ, ವಾರದ ಗಂಟೆ ಬರೆಯಿರಿ. ಹೆಸರು ಬರೆಯಬೇಡಿ. 1, 2, 3 ಸಾಕು.

ಜಾಹೀರಾತುಗಳನ್ನೂ ನೋಡಿ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2021ರಿಂದ ಕೆಲಸದ ಜಾಹೀರಾತಿನಲ್ಲೇ ಸಂಬಳ ಎಷ್ಟರಿಂದ ಎಷ್ಟರವರೆಗೆ ಅಂತ ಹಾಕಬೇಕು. ಅಂಥ ಕಾನೂನು ನಿಮ್ಮಲ್ಲಿ ಇದ್ದರೆ ನಿಮ್ಮ ಕಂಪನಿಯೇ ಹೊಸಬರಿಗೆ ಎಷ್ಟು ಕೊಡಲು ತಯಾರಿದೆ ಅನ್ನುವುದು ಯಾರನ್ನೂ ಕೇಳದೆ ಸಿಗುತ್ತದೆ.

ಈಗ ಹೊಟ್ಟೆ ಉರಿಸುವ ವಿಷಯ. ನಿನ್ನೆ ಮೊನ್ನೆ ಬಂದವರಿಗೆ ನಿಮಗಿಂತ ಜಾಸ್ತಿ ಇರಬಹುದು. ಇದರ ಹಿಂದೆ ಸೇಡು ಸಂಚು ಹುಡುಕಬೇಡಿ, ಲೆಕ್ಕ ಸರಳವಾಗಿದೆ. ನೀವು 100ಕ್ಕೆ ಸೇರಿದಿರಿ, ವರ್ಷಕ್ಕೆ ಶೇ. 8ರಂತೆ ಏರಿತು ಅಂದುಕೊಳ್ಳಿ. ನಾಲ್ಕು ವರ್ಷಕ್ಕೆ 136. ಅಷ್ಟರಲ್ಲಿ ಹೊರಗೆ ಆ ಕೆಲಸದ ಬೆಲೆ 150 ಆಗಿದ್ದರೆ ಹೊಸಬರನ್ನು 150ಕ್ಕೇ ತರಬೇಕಾಗುತ್ತದೆ. ಹಳಬರ ಸಂಬಳ ಹಳೇ ಬುಡದ ಮೇಲೆ ಏರುತ್ತದೆ, ಹೊಸಬರದ್ದು ಇವತ್ತಿನ ಮಾರುಕಟ್ಟೆಯ ಮೇಲೆ ಕೂರುತ್ತದೆ. ಹೆಚ್ಚು ಸಲ ಕಾಣುವ ಕಾರಣ ಇದೇ.

ಇನ್ನೊಂದು, ಶುರುವಿನ ಅಂತರ. ಇಬ್ಬರು ಒಂದೇ ದಿನ ಸೇರಿದರು, ಒಬ್ಬರು 100ಕ್ಕೆ, ಚೌಕಾಸಿ ಮಾಡಿದ ಇನ್ನೊಬ್ಬರು 120ಕ್ಕೆ. ಇಬ್ಬರಿಗೂ ಪ್ರತಿ ವರ್ಷ ಅದೇ ಶೇ. 8. ನ್ಯಾಯವಾಗಿಯೇ ಕಾಣುತ್ತದೆ ಅಲ್ವಾ? ಆದರೆ ಹತ್ತು ವರ್ಷಕ್ಕೆ 216 ಮತ್ತು 259. 20 ಇದ್ದ ಅಂತರ 43 ಆಯಿತು. ಕಾಲ ಕಳೆದರೆ ತಾನೇ ಸರಿಹೋಗುತ್ತದೆ ಅಂತ ಕಾಯುವುದರಿಂದ ಈ ಅಂತರ ಬೆಳೆಯುತ್ತಲೇ ಹೋಗುತ್ತದೆ.

ಪಾಳಿ, ಗಂಟೆ, ಅನುಭವ, ಸೇರಿದ ವರ್ಷ ಎಲ್ಲ ತೆಗೆದ ಮೇಲೂ ವ್ಯತ್ಯಾಸ ಉಳಿದರೆ, ಅದರಲ್ಲೂ ಹೆಂಗಸರು ಒಂದು ಕಡೆ, ಗಂಡಸರು ಇನ್ನೊಂದು ಕಡೆ ಬಿದ್ದರೆ, ಅದು ಬೇರೆಯದೇ ವಿಷಯ. ಆಗ ಹಂತ 6ಕ್ಕೆ ಹೋಗುವ ಮೊದಲೇ ವಕೀಲರನ್ನು ಕಾಣಿ.

ನಿಮಗೇ ಜಾಸ್ತಿ ಬರುತ್ತಿದೆ ಅಂತ ಗೊತ್ತಾದರೆ? ಸುಳ್ಳು ಹೇಳಿ ಕಮ್ಮಿ ಮಾಡಬೇಡಿ. ಮುಂದೊಂದು ದಿನ ಸುಳ್ಳು ಹೊರಗೆ ಬಂದಾಗ ಸಂಬಳಕ್ಕಿಂತ ಅದೇ ಜಾಸ್ತಿ ಚುಚ್ಚುತ್ತದೆ. ಸಮಾಧಾನದ ಮಾತೂ ಬೇಡ. ನೀವು ಎಷ್ಟು ಕೇಳಿದಿರಿ, ಯಾವಾಗ ಕೇಳಿದಿರಿ, ಯಾರನ್ನು ಕೇಳಿದಿರಿ ಅಂತ ಹೇಳಿ. ಅವರಿಗೆ ಕೆಲಸಕ್ಕೆ ಬರುವುದು ಅದೇ.

ಕಮ್ಮಿ ಬರುತ್ತಿದೆ ಅಂತ ಗೊತ್ತಾದರೆ ಎರಡು ರಾತ್ರಿ ನಿದ್ದೆ ಮಾಡಿ. ಅವತ್ತೇ ಮೇಲ್ ಬರೆಯಬೇಡಿ.

## ಹಂತ 6: ಮ್ಯಾನೇಜರ್ ಮುಂದೆ

ನನ್ನ ಕಥೆ ಇಷ್ಟೇ. ಒಬ್ಬ ಗೆಳೆಯ ನಂಬಿ ತನ್ನ ಸಂಬಳ ಹೇಳಿದ. ನಾನು ಮರುದಿನವೇ ಮ್ಯಾನೇಜರ್ ಬಳಿ ಅವನ ಹೆಸರು ಹಿಡಿದು ವಾದ ಮಾಡಿದೆ. ಮುಂದಿನ ಅರ್ಧ ಗಂಟೆ ನನ್ನ ಕೆಲಸದ ಬಗ್ಗೆ ಒಂದು ಮಾತೂ ಬರಲಿಲ್ಲ. ಅವನು ಯಾಕೆ ಹೇಳಿದ, ಯಾವಾಗ ಹೇಳಿದ, ಇನ್ನೂ ಯಾರಿಗೆ ಹೇಳಿದ ಅನ್ನುವುದೇ ಮಾತಾಯಿತು. ನನ್ನ ಸಂಬಳ ಅಲ್ಲೇ ಇತ್ತು. ಅವನನ್ನು ಎಚ್‌ಆರ್ ಕರೆಸಿತು. ಆಮೇಲೆ ಅವನು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಹಾಗಾಗಿ ಹೆಸರು ಬೇಡ. "ಒಬ್ಬರಿಗೆ" ಅನ್ನುವುದೂ ಬೇಡ, ಸಣ್ಣ ತಂಡದಲ್ಲಿ ಆ "ಒಬ್ಬರು" ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನೀವು ಕಲೆಹಾಕಿದ ಸಂಖ್ಯೆಗಳು ಎಷ್ಟು ಕೇಳಬೇಕು ಅಂತ ನೀವು ತೀರ್ಮಾನಿಸಲು, ಮೇಜಿನ ಮೇಲೆ ಇಡಲು ಅಲ್ಲ. ಮೇಜಿನ ಮೇಲೆ ಇಡಬೇಕಾದ್ದು ನಿಮ್ಮ ಕೆಲಸ:

"ಸರ್, ನಾನು ಸೇರಿದಾಗ ಎರಡು ಕ್ಲೈಂಟ್ ನೋಡ್ತಿದ್ದೆ. ಈಗ ಐದು. ಹೊಸಬರಿಗೆ ತರಬೇತಿ ಕೊಡೋದೂ ನನ್ನ ಕೆಲಸವೇ ಆಗಿದೆ. ಈ ಕೆಲಸಕ್ಕೆ ಹೊರಗೆ ಇಷ್ಟರಿಂದ ಇಷ್ಟರವರೆಗೆ ಇದೆ. ನನ್ನ ಸಂಬಳವನ್ನ ಇಷ್ಟಕ್ಕೆ ತರಬೇಕು ಅಂತ ಕೇಳ್ತಿದ್ದೀನಿ."

ಆಮೇಲೆ ಬಾಯಿ ಮುಚ್ಚಿಕೊಳ್ಳಿ. ನಿಜವಾಗಿಯೂ. ಆ ಮೌನ ತಡೆಯಲಾರದೆ "ಇಲ್ಲಾಂದ್ರೂ ಪರ್ವಾಗಿಲ್ಲ ಸರ್" ಅಂದುಬಿಟ್ಟವರನ್ನು ಬಹಳ ಜನ ನೋಡಿದ್ದೇನೆ.

ಸಮಯದ ವಿಚಾರ. ಅಪ್ರೈಸಲ್ ಮೀಟಿಂಗಿನಲ್ಲಿ ಕೇಳಿದರೆ ತಡವಾಯಿತು, ಅಷ್ಟು ಹೊತ್ತಿಗೆ ಯಾರಿಗೆ ಎಷ್ಟು ಅನ್ನುವ ಹಂಚಿಕೆ ಮೇಲೆ ಮುಗಿದಿರುತ್ತದೆ. ಬಜೆಟ್ ಯಾವಾಗ ಕೂರುತ್ತದೆ ಅಂತ ವಿಚಾರಿಸಿ, ಅದಕ್ಕೆ ಎರಡು ಮೂರು ತಿಂಗಳು ಮುಂಚೆ ಈ ಮಾತು ಎತ್ತಿ.

ಆಗಲ್ಲ ಅಂದರೆ ಎರಡೇ ಪ್ರಶ್ನೆ. ಏನು ಮಾಡಿದರೆ ಆಗುತ್ತದೆ? ಮತ್ತೆ ಯಾವ ತಿಂಗಳು ಕೂತು ನೋಡೋಣ? ಉತ್ತರವನ್ನು ಅವತ್ತೇ ಚಿಕ್ಕ ಮೇಲ್ ಮಾಡಿ ಕಳಿಸಿ: "ಇವತ್ತು ಮಾತಾಡಿದ್ದು ಇದು, ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆ ಅಂದುಕೊಂಡಿದ್ದೇನೆ." ಇದೊಂದು ಮೇಲ್ ಮಾತ್ರ ಕಂಪನಿಯ ವಿಳಾಸದಿಂದಲೇ ಹೋಗಲಿ.

## ಹಂತ 7: ಗುಂಪಾಗಿ ಮಾಡುವುದಾದರೆ

ಹೆಸರಿಲ್ಲದ ಎಕ್ಸೆಲ್ ಹಾಳೆ ಮಾಡಿ ಎಲ್ಲರೂ ತುಂಬುವ ಉಪಾಯ ಚೆನ್ನಾಗಿದೆ, ಆದರೆ ಅದರಲ್ಲಿ ಎರಡು ತೊಡಕುಗಳಿವೆ. ಆನ್‌ಲೈನ್ ಹಾಳೆಯಲ್ಲಿ ಯಾರು ಯಾವಾಗ ತುಂಬಿದರು ಅನ್ನುವ ಇತಿಹಾಸ ಉಳಿಯುತ್ತದೆ. ಹಾಳೆಯ ಬದಲು ಲಾಗಿನ್ ಕೇಳದ ಫಾರ್ಮ್ ಬಳಸಿ.

ಎರಡನೆಯದು, ಹೆಸರು ಇಲ್ಲದಿದ್ದರೂ ಮನುಷ್ಯ ಕಾಣುತ್ತಾನೆ. ಏಳು ಜನರ ತಂಡದಲ್ಲಿ "ಹೆಣ್ಣು, ಆರು ವರ್ಷದ ಅನುಭವ, ರಾತ್ರಿ ಪಾಳಿ" ಅಂದರೆ ಇನ್ನೇನು ಉಳಿಯಿತು? ಜರ್ಮನಿಯ 2017ರ ಸಂಬಳ ಪಾರದರ್ಶಕತೆ ಕಾಯ್ದೆಯಲ್ಲಿ ಇದಕ್ಕೇ ಒಂದು ಬೇಲಿ ಇದೆ. 200ಕ್ಕಿಂತ ಹೆಚ್ಚು ನೌಕರರಿರುವ ಕಡೆ ಅದೇ ಬಗೆಯ ಕೆಲಸದಲ್ಲಿರುವ ಇನ್ನೊಂದು ಲಿಂಗದವರ ನಡುಮಟ್ಟದ ಸಂಬಳ ಎಷ್ಟು ಅಂತ ಕೇಳಬಹುದು. ಆದರೆ ಆ ಗುಂಪಿನಲ್ಲಿ 6 ಜನಕ್ಕಿಂತ ಕಮ್ಮಿ ಇದ್ದರೆ ಹೇಳುವುದಿಲ್ಲ. ನೀವೂ ಅದೇ ಲೆಕ್ಕ ಹಿಡಿಯಿರಿ. ವರ್ಷವನ್ನು "2ರಿಂದ 5" ಅಂತ ಗುಂಪು ಮಾಡಿ, ಆರಕ್ಕಿಂತ ಕಮ್ಮಿ ಜನರಿರುವ ಸಾಲನ್ನು ಯಾರಿಗೂ ತೋರಿಸಬೇಡಿ.

ಸಂಘ ಇದ್ದರೆ ಈ ತಲೆನೋವೇ ಬೇಡ, ಅವರಿಗೇ ಬಿಡಿ.

## ಕಿವಿ ನೆಟ್ಟಗಾಗಬೇಕಾದ ಸೂಚನೆಗಳು

"ನಿಮಗೆ ಯಾರು ಹೇಳಿದ್ದು?" ಅನ್ನುವುದು ಮೊದಲನೆಯದು. ಉತ್ತರ ಒಂದೇ: "ಮಾರುಕಟ್ಟೆ ನೋಡಿ ಕೇಳ್ತಿದ್ದೀನಿ ಸರ್, ನನ್ನ ಕೆಲಸದ ಬಗ್ಗೆ ಮಾತಾಡೋಣ." ಎಷ್ಟು ಸಲ ಕೇಳಿದರೂ ಇದನ್ನೇ ಹೇಳಿ.

ಬಾಯಿಮಾತಿನ ಎಚ್ಚರಿಕೆ ಬಂದರೆ, ಇದ್ದಕ್ಕಿದ್ದಂತೆ ಹೊಸ ಗೌಪ್ಯತೆಯ ಕಾಗದಕ್ಕೆ ಸಹಿ ಕೇಳಿದರೆ, ನಾಲ್ಕು ವರ್ಷ ಚೆನ್ನಾಗಿದ್ದ ರೇಟಿಂಗ್ ಒಂದೇ ತಿಂಗಳಲ್ಲಿ ಬಿದ್ದರೆ ಹುಷಾರಾಗಿ. ಕಾಗದಕ್ಕೆ ಅಲ್ಲೇ ಸಹಿ ಬೇಡ, "ಓದಿ ಕೊಡ್ತೀನಿ" ಅನ್ನಿ. ದಿನ, ಹೊತ್ತು, ಯಾರಿದ್ದರು, ಯಾವ ಮಾತು ಆಡಿದರು, ಎಲ್ಲವನ್ನೂ ಅವತ್ತೇ ಬರೆದಿಡಿ.

ತಾರೀಖು ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಅಮೆರಿಕದ ಲಿಲ್ಲಿ ಲೆಡ್‌ಬೆಟರ್ ಪ್ರಕರಣ ನೋಡಿ. ಟೈರ್ ಕಾರ್ಖಾನೆಯಲ್ಲಿ ಅವರು ಮೇಲ್ವಿಚಾರಕಿ. 1997ರ ಕೊನೆಗೆ ಅವರಿಗೆ ತಿಂಗಳಿಗೆ 3,727 ಡಾಲರ್ ಬರುತ್ತಿತ್ತು. ಅದೇ ಹುದ್ದೆಯ ಗಂಡಸರಲ್ಲಿ ಅತಿ ಕಮ್ಮಿ ಪಡೆಯುವವರಿಗೆ 4,286, ಅತಿ ಜಾಸ್ತಿ ಪಡೆಯುವವರಿಗೆ 5,236. ಇದು ಅವರಿಗೆ ಗೊತ್ತಾದದ್ದು ಯಾರೋ ಹೆಸರು ಹಾಕದೆ ಇಟ್ಟುಹೋದ ಒಂದು ಚೀಟಿಯಿಂದ. ಕೋರ್ಟಿಗೆ ಹೋದರು. ಸಂಬಳ ತೀರ್ಮಾನಿಸಿದ 180 ದಿನದೊಳಗೆ ದೂರು ಕೊಡಬೇಕಿತ್ತು ಅಂತ 2007ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತೀರ್ಪು ಕೊಟ್ಟಿತು. 2009ರಲ್ಲಿ ಅವರ ಹೆಸರಿನ ಕಾನೂನು ಬಂದು, ಭೇದ ಇರುವ ಪ್ರತಿ ಸಂಬಳದ ದಿನದಿಂದಲೂ ಆ ಲೆಕ್ಕ ಹೊಸದಾಗಿ ಶುರುವಾಗುವಂತಾಯಿತು. ಅವರ ಸ್ವಂತ ಕೇಸಿಗೆ ಅದರಿಂದ ಏನೂ ಸಿಗಲಿಲ್ಲ.

ನಿಮ್ಮ ದೇಶದಲ್ಲೂ ದೂರಿಗೆ ಒಂದು ಗಡುವು ಇರುತ್ತದೆ. ವಕೀಲರನ್ನು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಪೇಸ್ಲಿಪ್‌ಗಳ ಪ್ರತಿ ಇವತ್ತೇ ಮನೆಗೆ ತಂದಿಡಿ. ಕೆಲಸ ಬಿಟ್ಟ ದಿನ ಸಂಜೆಗೆ ಲಾಗಿನ್ ಬಂದ್ ಆಗುತ್ತದೆ, ಹಳೇ ಪೇಸ್ಲಿಪ್‌ಗಳೆಲ್ಲ ಅದರೊಳಗೇ ಉಳಿದುಬಿಡುತ್ತವೆ.